ನೀರು ಕುಡಿದ ಕಡಲೆಕಾಯಿ

ನನ್ನ ಮೈದುನ ಜಂಬಗಾರ. ತನ್ನಿಂದ ತಪ್ಪಾಯಿತೆಂದು ಒಮ್ಮೆಯೂ ಒಪ್ಪಿಕೊಂಡವನಲ್ಲ. ತನ್ನ ಹೊಸಿಲಿನಾಚೆ ಬದುಕುವ ಯಾವ ಜೀವದ ಗೊಡವೆಯೂ ಅವನಿಗಿಲ್ಲ. ಪಕ್ಕದ ಮನೆಯ ಕೋಳಿಗಳು ಹಿತ್ತಲಿಗೆ ಕಾಲಿಟ್ಟರೆ ಕಲ್ಲು ಬೀಸುತ್ತಾನೆ. ಕೋಳಿಯ ಯಜಮಾನಿ ಎದುರಿಗೆ ನಿಂತಿದ್ದರೂ ಬೀಸುತ್ತಾನೆ.

ಅವನು ಕಡಲೆಕಾಯಿ ಮಿಲ್ಲಿನಲ್ಲಿ ಸುಲಿಯುವ ಯಂತ್ರ ನಡೆಸುತ್ತಿದ್ದ. ಒಣಗಿದ ಕಾಯಿಯನ್ನು ಹಾಗೆಯೇ ಯಂತ್ರಕ್ಕೆ ಸುರಿದರೆ ಬೀಜ ಒಡೆಯುತ್ತದೆ, ಬೆಲೆ ಬೀಳುತ್ತದೆ. ಅದಕ್ಕೆ ಅವನು ಸಂಜೆಯೇ ರಾಶಿಗೆ ಪೈಪಿನಿಂದ ನೀರು ಹೊಡೆದು, ಗೋಣಿತಟ್ಟು ಹೊದಿಸಿ ಮನೆಗೆ ಬರುತ್ತಿದ್ದ. ಬೆಳಗಾಗುವಷ್ಟರಲ್ಲಿ ಸಿಪ್ಪೆ ಮೆತ್ತಗಾಗಿ, ಬೀಜ ಇಡಿಯಾಗಿ ಉದುರುತ್ತಿತ್ತು. ತೂಕವೂ ತುಸು ಹೆಚ್ಚು ಬರುತ್ತಿತ್ತು. ಬಂದವರಿಗೆಲ್ಲ ಮಾಲೀಕ ಇವನನ್ನು ಕರೆದು ತೋರಿಸುತ್ತಿದ್ದ. ಬೀಜ ಆರಿಸುವ ಹೆಂಗಸರು ಇವನಿಗೆ ಇಡಿಕಾಳಪ್ಪ ಎಂದು ಹೆಸರಿಟ್ಟರು. ಅಣಕಕ್ಕೆ ಇಟ್ಟ ಹೆಸರನ್ನು ಇವನು ಬಿರುದಿನಂತೆ ಹೊತ್ತು ತಿರುಗಿದ.

ಆರಿಸಿ ಪಕ್ಕಕ್ಕೆ ತಳ್ಳಿದ ಬೀಜವನ್ನು, ಎಂದರೆ ಸುಕ್ಕಾದದ್ದು, ಬಣ್ಣಗೆಟ್ಟದ್ದು, ಮುರುಕು, ಕೆಲಸದವರು ಮನೆಗೆ ಒಯ್ಯಬಹುದಿತ್ತು. ಮೈದುನ ಚೀಲ ತುಂಬ ತರುತ್ತಿದ್ದ. ಅವನ ಹೆಂಡತಿ, ನನ್ನ ವಾರಗಿತ್ತಿ, ಅದನ್ನು ತೊಳೆದು, ಹುರಿದು, ಅಡುಗೆಮನೆಯ ತಗಡಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಅವನ ಹಲ್ಲು ಸರಿಯಿರಲಿಲ್ಲ. ತಿನ್ನುತ್ತಿದ್ದವಳು ಅವಳೊಬ್ಬಳೇ, ಕೈ ಬಿಡುವಾದಾಗಲೆಲ್ಲ ಒಂದು ಮುಷ್ಟಿ.

ಅವಳ ಕಣ್ಣು ಹಳದಿಯಾಗಿ ಹೊಟ್ಟೆ ಉಬ್ಬಿದಾಗ ಇಬ್ಬರನ್ನೂ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಊಟ ತಿಂಡಿಯ ಬಗ್ಗೆ ಕೇಳುತ್ತ ಹೋಗಿ ಕಡಲೆಬೀಜಕ್ಕೆ ಬಂದು ನಿಂತರು.

"ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಅಂತ ಒಂದು ವಿಷ ಇರತ್ತೆ. ಲಿವರ್ ಹಾಳು ಮಾಡತ್ತೆ."

"ಬೂಷ್ಟಿದ್ರೆ ಕಣ್ಣಿಗೆ ಕಾಣಲ್ವಾ ಡಾಕ್ಟ್ರೇ? ಇವಳು ತೊಳೀತಾಳೆ, ಹುರೀತಾಳೆ," ಎಂದ ಮೈದುನ.

"ಎಷ್ಟೋ ಸಲ ಕಾಣಲ್ಲ. ತೊಳೆದ್ರೆ ಹೋಗಲ್ಲ, ಹುರಿದ್ರೂ ಪೂರ್ತಿ ಹೋಗಲ್ಲ. ಎಲ್ಲಿಂದ ತರ್ತೀರಿ?"

"ಇವರ ಮಿಲ್ಲಿಂದ," ಎಂದಳು ವಾರಗಿತ್ತಿ. "ಸಂಜೆ ನೀರು ಹೊಡೆದು ಬರ್ತಾರೆ, ಕಾಳು ಇಡಿಯಾಗಿ ಬರಲಿ ಅಂತ." ಗಂಡನ ಜಾಣತನ ಹೇಳಿಕೊಳ್ಳುವ ಹುರುಪು ಆಗಲೂ ಅವಳ ದನಿಯಲ್ಲಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಒಣಗಿದ ಕಾಯಿಗೆ ನೀರು ಹೊಡೆಯೋದಾ? ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟ ಹಾಗಾಯ್ತಲ್ರೀ! ಚೆನ್ನಾಗಿ ಒಣಗಿಸಬೇಕು, ನೆಲಕ್ಕೆ ತಾಗದ ಹಾಗೆ ಇಡಬೇಕು, ಕೆಟ್ಟದ್ದನ್ನ ಎಸೀಬೇಕು. ಬೀಜಕ್ಕೆ ವಿಷ ಸೇರಿದ ಮೇಲೆ ನಿಮ್ಮ ಕೈಲಾಗೋದು ಏನೂ ಇಲ್ಲ."

ಅವಳನ್ನು ಹೊರಗೆ ಕೂರಿಸಿದ ಮೇಲೆ ಉಳಿದದ್ದನ್ನು ಹೇಳಿದರು. ಲಿವರಿನಲ್ಲಿ ಗಡ್ಡೆ ಬೆಳೆದಿದೆ, ಗುಣವಾಗುವ ಹಂತ ದಾಟಿದೆ. ಹಿಂದೊಮ್ಮೆ ಕಾಮಾಲೆಯೂ ಆಗಿದ್ದರಿಂದ, ಬೀಜವೊಂದೇ ಕಾರಣವೆಂದು ಹೇಳಲಾಗದು. ಅಲ್ಲವೆಂದೂ ಹೇಳಲಾಗದು.

ಬಸ್ಸಿಗೆ ಕಾಯುವಾಗ ಮೈದುನ ಗೊಣಗಿದ. "ಅವರಿಗೇನು ಗೊತ್ತು ಅತ್ತಿಗೆ? ಮಿಷನ್ ಮುಂದೆ ಒಂದು ದಿನ ನಿಂತಿದಾರಾ?"

"ನೀನು ಲಿವರಿನ ಮುಂದೆ ಎಷ್ಟು ದಿನ ನಿಂತಿದೀಯಪ್ಪ?" ಎಂದೆ.

ಮಾರನೆಯ ಸಂಜೆಯಿಂದ ಅವನು ನೀರು ಹೊಡೆಯಲಿಲ್ಲ. ಇದನ್ನು ನನಗೆ ಹೇಳಿದವರು ಆರಿಸುವ ಹೆಂಗಸರು. ಯಂತ್ರದಿಂದ ಮುರುಕು ಸುರಿಯತೊಡಗಿದಾಗ ಮಾಲೀಕ ಓಡಿ ಬಂದನಂತೆ.

"ಏನಯ್ಯಾ ಇಡಿಕಾಳಪ್ಪ, ನುಚ್ಚಪ್ಪ ಆಗ್ಬಿಟ್ಟೆ?"

"ನೀರು ಹೊಡೆದ್ರೆ ಬೂಷ್ಟು ಬರತ್ತೆ ಸಾಹುಕಾರ್ರೇ. ಮಿಷನ್ ಜಾಲರಿ ಬದಲಾಯಿಸಿಕೊಡಿ, ನಿಧಾನಕ್ಕೆ ಓಡಿಸ್ತೀನಿ, ಕಾಳು ಅಷ್ಟು ಒಡೆಯಲ್ಲ."

"ಬೂಷ್ಟು ಬರೋ ಹೊತ್ತಿಗೆ ಮಾಲು ನಮ್ಮ ಹತ್ರ ಇರಲ್ವಲ್ಲೋ!"

ಹೆಂಡತಿಯ ಮಾತನ್ನು ಅವನು ಎತ್ತಲೇ ಇಲ್ಲವಂತೆ. ಮಾಲೀಕ ಪೈಪನ್ನು ಇನ್ನೊಬ್ಬನ ಕೈಗೆ ಕೊಟ್ಟು, ಇವನನ್ನು ಚೀಲದ ಬಾಯಿ ಹೊಲಿಯಲು ಕೂರಿಸಿದ. ನಾನು ಇದನ್ನು ದೊಡ್ಡತನವೆಂದು ಎಣಿಸಲಿಲ್ಲ. ಬೆಂಕಿ ಬಿದ್ದದ್ದು ಅವನ ಮನೆಗೆ, ಅದಕ್ಕೆ ಎಚ್ಚರವಾಯಿತು, ಅಷ್ಟೆ.

ಸ್ವಲ್ಪ ದಿನಕ್ಕೆ ಒಂದು ಲಾರಿ ಬೀಜ, ಕೊಂಡವರು ಮಾಡಿಸಿದ ವಿಷದ ಪರೀಕ್ಷೆಯಲ್ಲಿ ಫೇಲಾಗಿ, ಮಿಲ್ಲಿಗೆ ವಾಪಸು ಬಂತು. ಮಾಲೀಕ ಅದನ್ನು ಒಳ್ಳೆಯ ಬೀಜದೊಂದಿಗೆ ಬೆರೆಸಿ ಊರಿನ ಅಂಗಡಿಗಳಿಗೆ ಸಾಗಿಸಿದ. ಆ ಚೀಲಗಳ ಬಾಯಿ ಹೊಲಿದವನು ನನ್ನ ಮೈದುನ. ದೂರು ಕೊಡಲು ಆಹಾರ ತಪಾಸಣೆಯ ಕಚೇರಿಗೆ ನಾನೇ ಹೋದೆ. ಮಾದರಿ ತಂದುಕೊಡಿ ಎಂದರು. ಅಷ್ಟರಲ್ಲಿ ಮಾಲು ಖಾಲಿಯಾಗಿತ್ತು.

ವಾರಗಿತ್ತಿ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು, "ಅಕ್ಕ, ಡಬ್ಬಿಯಿಂದ ಒಂದೇ ಒಂದು ಕಾಳು ಕೊಡ್ರೀ. ಇಷ್ಟು ವರ್ಷ ತಿಂದಿದೀನಿ, ಇನ್ನೊಂದು ತಿಂದ್ರೆ ಲಿವರಿಗೇನು ಗೊತ್ತಾಗತ್ತಾ?" ಎಂದು ನಕ್ಕಳು. ಬಾಗಿಲಲ್ಲಿದ್ದ ಮೈದುನ ಅಡುಗೆಮನೆಗೆ ಹೋಗಿ, ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ನಡೆದ.

ಕಿಟಕಿಯಿಂದ ಕಾಣುತ್ತಿತ್ತು. ಗುಂಡಿ ತೋಡಿ ಡಬ್ಬಿಯನ್ನು ಬೋರಲು ಹಾಕಿದ. ಒಂದಷ್ಟು ಕಾಳು ಹೊರಗೆ ಚೆಲ್ಲಿತು. ಪಕ್ಕದ ಮನೆಯ ಕೋಳಿಗಳು ಓಡಿ ಬಂದವು. ಅವನ ಕೈ ಅಭ್ಯಾಸಬಲದಿಂದ ಕಲ್ಲಿಗೆ ಹೋಯಿತು, ಅಲ್ಲೇ ನಿಂತಿತು. ಮಂಡಿಯೂರಿ ಕೂತು ಕಾಳುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ.

"ನಾಲ್ಕು ಕಾಳು ತಿಂದ್ರೆ ನಿನ್ನ ಮನೆ ಮುಳುಗತ್ತೇನಯ್ಯಾ, ಜಿಪುಣ?" ಎಂದಳು ಕೋಳಿಯ ಯಜಮಾನಿ ಬೇಲಿಯಾಚೆಯಿಂದ.

ಯಾರ ಮಾತಿಗೂ ಎದುರಾಡದೆ ಬಿಟ್ಟವನಲ್ಲ ಅವನು. ಈಗ ತಲೆಯೆತ್ತಲಿಲ್ಲ. ಒಂದು ಕೈಯಿಂದ ಕೋಳಿಗಳನ್ನು ಮೆಲ್ಲಗೆ ಆಚೆ ಸರಿಸುತ್ತ, ಇನ್ನೊಂದು ಕೈಯಿಂದ ಮಣ್ಣು ಕೆದಕುತ್ತಲೇ ಇದ್ದ.