ಗೋಡೆ ದಾಟಿದ ಕ್ಷಾರಜಲ

ತೂಕದಲ್ಲಿ ಧರ್ಮ, ಮಾತಿನಲ್ಲಿ ನಿಷ್ಠೆ, ಕೋಪದಲ್ಲಿ ಜಿಪುಣತನ, ನಗೆಯಲ್ಲಿ ದುಂದುಗಾರಿಕೆ. ಹಸಿದವರ ಮುಂದೆ ತುಂಬಿದ ಕೈ, ಹೊಗಳುವವರ ಮುಂದೆ ಮುಚ್ಚಿದ ಕಿವಿ: ಇಷ್ಟು ಗುಣಗಳು ಒಟ್ಟಾಗಿ ಮನೆಮಾಡಿಕೊಂಡಿದ್ದುದು ಸಾಬೂನು ಕಾಯಿಸುವ ಒಬ್ಬ ಗೃಹಿಣಿಯಲ್ಲಿ. ಬೀದಿಯೆಲ್ಲ ಆಕೆಯನ್ನು ನೊರೆಯಕ್ಕ ಎಂದು ಕರೆಯುತ್ತಿತ್ತು.

ಆಕೆಯ ಹಿತ್ತಲಲ್ಲಿ ಎದೆಯೆತ್ತರದ ಗಾರೆಯ ತೊಟ್ಟಿಯೊಂದಿತ್ತು. ಬೂದಿಯನ್ನು ನೆನೆಸಿ ಸೋಸಿದ ಕ್ಷಾರಜಲ ಅದರಲ್ಲಿ ತುಂಬಿರುತ್ತಿತ್ತು. ಎಣ್ಣೆಯೊಡನೆ ಕುದಿದರೆ ಸಾಬೂನಾಗುವ ಆ ನೀರು ಬರಿಗೈಗೆ ತಾಗಿದರೆ ಚರ್ಮ ಸುಲಿಯುವಂಥದು. ಆದುದರಿಂದ ಆಕೆ ಪ್ರತಿದಿನ ಪ್ರಾರ್ಥನೆ ಮುಗಿಸಿದೊಡನೆ ತೊಟ್ಟಿಯ ಮೈಯೆಲ್ಲ ಸವರಿ ಬಿರುಕು ಹುಡುಕುವಳು. ಈ ಮನೆಯಲ್ಲಿ ತನಗಿಂತ ತೊಟ್ಟಿಗೇ ಉಪಚಾರ ಹೆಚ್ಚೆಂದು ಗಂಡ ಹಾಸ್ಯಮಾಡುವನು.

ಒಂದು ಮಧ್ಯಾಹ್ನ ತೊಟ್ಟಿಯ ಅಡಿಯ ನೆಲವೇ ಕುಸಿದು ತೊಟ್ಟಿ ಒಡೆಯಿತು. ಯಾವ ಕಾಲದಲ್ಲೋ ಯಾರೋ ಮಣ್ಣು ಮುಚ್ಚಿದ ಕಾಲುವೆಯೊಂದು ಅಲ್ಲಿ ಅಡಗಿತ್ತು. ಮನೆಯವರಿಗೂ ತೊಟ್ಟಿ ಕಟ್ಟಿದವನಿಗೂ ಅದರ ಸುಳಿವಿರಲಿಲ್ಲ. ಕ್ಷಾರಜಲವು ಅದೇ ಜಾಡು ಹಿಡಿದು ಗೋಡೆಯಡಿ ನುಗ್ಗಿ ಪಕ್ಕದ ಸಸಿಯಜ್ಜನ ತೋಟವನ್ನು ಹೊಕ್ಕಿತು. ಗುಲಾಬಿ ಸಸಿಗಳೇ ಅವನ ವರ್ಷದ ಅನ್ನ. ಸಂಜೆಯೊಳಗೆ ಸಾಲುಸಾಲಾಗಿ ಬಾಡಿದವು, ಮಣ್ಣೂ ಕೆಟ್ಟಿತು. ಹೊಸ ಸಸಿಗೆಂದು ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಒಂದಿಷ್ಟು ಗುಲಾಬಿ ಕಡ್ಡಿಗಳೇನೋ ಉಳಿದವು, ಆದರೆ ಅವು ಒಣಗುವುದರೊಳಗೆ ನೆಡಲು ನೆಲವಿರಲಿಲ್ಲ.

ಕಾಣದ ಕಾಲುವೆಗೆ ನಾವೇಕೆ ತಲೆಕೊಡಬೇಕು, ಸುಮ್ಮನಿರಿ ಅತ್ತಿಗೆ, ಎಂದು ಮೈದುನ ಬುದ್ಧಿ ಹೇಳಿದನು. ವಿಚಿತ್ರವೆಂದರೆ ಸಸಿಯಜ್ಜನೂ ಅದನ್ನೇ ಹೇಳಿದನು: ಆಕೆಯದು ಎಳ್ಳಷ್ಟೂ ತಪ್ಪಿಲ್ಲ, ಎಲ್ಲ ತನ್ನ ಗ್ರಹಚಾರ.

"ತಪ್ಪಿಲ್ಲ ಅಂತ ನನಗೂ ಗೊತ್ತು ಅಜ್ಜ. ಆದ್ರೆ ಹುಲಿ ಸಾಕಿದೋರು, ಬೋನು ಗಟ್ಟಿಯಾಗೇ ಇತ್ತು ಅಂದುಬಿಟ್ರೆ ಆಗುತ್ತಾ? ಈ ನೀರು ತಾನಾಗಿ ಉಕ್ಕಿದ್ದಲ್ಲ. ನನ್ನ ಲಾಭಕ್ಕೆ ನಾನೇ ಕೂಡಿಟ್ಟಿದ್ದು. ಎಲ್ಲಿಗೆ ಹೋದ್ರೂ ನನ್ನದೇ."

"ನಿನ್ನ ಜೊತೆ ನೆಟ್ಟಗೆ ಜಗಳ ಆಡೋಕೂ ಆಗಲ್ಲವಲ್ಲ ತಾಯಿ" ಎಂದನು ಅಜ್ಜ.

ತೀರ್ಮಾನ ಕೇಳಲು ಇಬ್ಬರೂ ಎದುರುಮನೆಯ ನಿವೃತ್ತ ನ್ಯಾಯಾಧೀಶರ ಬಳಿ ಹೋದರು. ಹೊಣೆಯಿಂದ ನುಣುಚಿಕೊಳ್ಳುವವರನ್ನೇ ಆಯುಷ್ಯವೆಲ್ಲ ಕಂಡಿದ್ದ ಅವರು, ಹೊಣೆ ತನಗೇ ಬೇಕೆಂದು ಹಟ ಹಿಡಿದವಳನ್ನು ಕಂಡು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಪಾಯದ ವಸ್ತುವನ್ನು ತನ್ನ ನೆಲದಲ್ಲಿ ತಂದಿಟ್ಟುಕೊಂಡವರು, ಅದು ತಪ್ಪಿಸಿಕೊಂಡು ಮಾಡಿದ ಹಾನಿಗೆ, ತಾವು ಎಚ್ಚರ ತಪ್ಪದಿದ್ದರೂ ಹೊಣೆಗಾರರೆಂದು ಕಾಯಿದೆಯೂ ಹೇಳುವುದೆಂದು ತಿಳಿಸಿದರು.

"ಪರವಾಗಿಲ್ಲ, ಕಾಯಿದೆಗೂ ಬುದ್ಧಿ ಇದೆ" ಎಂದಳು ನೊರೆಯಕ್ಕ.

ಮರುದಿನವೇ, ಅಜ್ಜನ ಕಡ್ಡಿಗಳಿಗೆ ನೆಲವಾಗಲೆಂದು, ನೊರೆಯಕ್ಕ ಸಾಬೂನು ಒಣಗಿಸುತ್ತಿದ್ದ ಅಂಗಳದ ಕಲ್ಲುಹಾಸು ಮೇಲೆದ್ದಿತು. ಗಂಡ ಗುದ್ದಲಿ ಹಿಡಿದನು. ಮೈದುನ ಗೊಣಗುತ್ತಲೇ ಮಣ್ಣಿನ ಬುಟ್ಟಿ ಹೊತ್ತನು. ಸಾಬೂನಿನ ಹಲಗೆಗಳು ಮಲಗುವ ಕೋಣೆ ಸೇರಿದವು. ಇನ್ನು ಸ್ನಾನವೇ ಬೇಡ, ಮಲಗೆದ್ದರೆ ಸಾಕೆಂದು ಗಂಡ ಬೀದಿಗೆಲ್ಲ ಸಾರಿದನು. ಅಜ್ಜನ ಕಡ್ಡಿಗಳು ಅಂಗಳದಲ್ಲಿ ಬೇರುಬಿಟ್ಟವು, ಚಿಗುರಿದವು, ಸಕಾಲಕ್ಕೆ ಮಾರಾಟವೂ ಆದವು. ಆತ ಆಕೆಯ ಹೊಸ್ತಿಲಲ್ಲೇ ಕುಳಿತು ವ್ಯಾಪಾರ ಮಾಡುತ್ತ, ಸಸಿಗಳ ನಡುವೆ ಕಾಲಿಟ್ಟರೆ ಮನೆಯೊಡತಿಯನ್ನೇ ಗದರುವನು. ಆಕೆ ನಗುತ್ತ ಸೆರಗು ಬಿಗಿದು ಪಕ್ಕಕ್ಕೆ ಸರಿಯುವಳು. ಅವನ ತೋಟಕ್ಕೂ ಆ ಮನೆಯವರೇ ಹೊಸ ಮಣ್ಣು ತುಂಬಿದರು.

ಕೂಡಿಟ್ಟುದಕ್ಕೆಲ್ಲ ಹೊಣೆಯಾಗಿ ನಿಂತ ಈ ತಾಯಿಯನ್ನು ಭಗವಂತನು ಬಹುಕಾಲ ಕಾಪಾಡಲಿ. ಆಕೆಯ ಗಂಡನ ಬಾಯಿಗೆ ಹಾಸ್ಯವೂ ಮೈದುನನ ತೋಳಿಗೆ ಬಲವೂ ಬತ್ತದಿರಲಿ. ಆ ಮನೆಯಿಂದ ಹೊರಗೆ ಹರಿಯುವುದೆಲ್ಲ ನೆರೆಯವರಿಗೆ ತಂಪಾಗಲಿ.