ಹೊಸಿಲು ದಾಟಿದ ಡಬ್ಬ

ನಾನು ಓದು ನಿಲ್ಲಿಸಿದ್ದು 1993ರಲ್ಲಿ, ಒಂಬತ್ತನೇ ತರಗತಿಯ ನಡುವೆ. ಆಮೇಲೆ ಮೂವತ್ತು ವರ್ಷ ಆರ್.ಟಿ. ನಗರದ ಪೇಂಟ್ ಅಂಗಡಿಯೊಂದರಲ್ಲಿ ಬಿಲ್ ಬರೆದೆ. ಅಂಗಡಿ ಮುಚ್ಚಿದ ಮೇಲೆ ಹೆಬ್ಬಾಳದ ಒಂದು ಸಾಫ್ಟ್‌ವೇರ್ ಕಂಪನಿ ಅಂಗಡಿಯ ಲೆಕ್ಕ ಬಲ್ಲವನೆಂದು ನನ್ನನ್ನು ಒಂದು ತಿಂಗಳ ಮಟ್ಟಿಗೆ ಪ್ರಾಯೋಗಿಕವಾಗಿ ಕೆಲಸಕ್ಕೆ ತೆಗೆದುಕೊಂಡಿತು. ಅವರ ಬಿಲ್ಲಿಂಗ್ ಸಾಫ್ಟ್‌ವೇರನ್ನು ನಡೆಸುವುದು ಎಐ ಏಜೆಂಟ್, ಅಂದರೆ ಗಿರಾಕಿಯ ಮಾತು ಓದಿ ತಾನೇ ಕೆಲಸ ಮಾಡುವ ಪ್ರೋಗ್ರಾಂ. ಬಿಲ್ ಮಾಡುವುದು, ರದ್ದು ಮಾಡುವುದು, ಹೀಗೆ ಒಂದೊಂದು ಕೆಲಸಕ್ಕೂ ಇರುವ ಟೂಲ್‌ಗಳಲ್ಲಿ ಯಾವುದನ್ನು ಯಾವಾಗ ಬಳಸಬೇಕೆಂದು ಅದು ತಿಳಿಯುವುದು ನಾವು ಬರೆದಿಟ್ಟ ವಿವರಣೆಯಿಂದ. ಗಿರಾಕಿ ಒಂದೇ ಪೇಂಟ್ ಡಬ್ಬ ಹಿಂದಿರುಗಿಸಿದರೂ ಅದು ಇಡೀ ಬಿಲ್ಲನ್ನೇ ರದ್ದು ಮಾಡುತ್ತಿತ್ತು.

"ಅಂಕಲ್, 'ಬಿಲ್ ರದ್ದು ಮಾಡುತ್ತದೆ' ಅಂತ ಆ ಟೂಲಿನ ವಿವರಣೇಲಿ ಬರ್ದಿದೀವಲ್ಲ? ಏಜೆಂಟ್‌ಗೆ ನಮಗಿಂತ ಬುದ್ಧಿ ಇದೆ," ಎಂದರು ಇಂಜಿನಿಯರ್ ಮೇಡಂ.

"ಬುದ್ಧಿ ಇದೆ ಮೇಡಂ, ಅಂಗಡೀಲಿ ನಿಂತಿಲ್ಲ ಅಷ್ಟೆ. ಯಾವಾಗ ರದ್ದು ಮಾಡ್ಬಾರ್ದು ಅಂತ ಎಲ್ಲಿ ಬರ್ದಿದೀರಿ?"

ಹೇಳುವಾಗಲೇ ನಮ್ಮ ಪೇಂಟ್ ಅಂಗಡಿಯ ಮಾಲೀಕರು ಕಣ್ಣ ಮುಂದೆ ಬಂದರು. ಮೊದಲ ದಿನ, ಸುಣ್ಣದ ಕೈಯನ್ನು ಪಂಚೆಗೆ ಒರೆಸುತ್ತಾ ಅಂದಿದ್ದರು: "ಡಬ್ಬ ಹೊಸಿಲು ದಾಟಿಲ್ಲಾಂದ್ರೆ ಬಿಲ್ ರದ್ದು ಮಾಡು. ದಾಟಿ ವಾಪಸ್ ಬಂತಾ, ಬಂದಿದ್ದನ್ನ ಮಾತ್ರ ಕಳಿ ಕಣೋ."

ಅದನ್ನೇ ಎರಡು ಸಾಲಿನಲ್ಲಿ ಬರೆದುಕೊಟ್ಟೆ. ಏಜೆಂಟ್ ಆ ತಪ್ಪನ್ನು ಮತ್ತೆ ಮಾಡಲಿಲ್ಲ. ನನ್ನ ಕೆಲಸ ಕಾಯಂ ಆಯಿತು. ಹೇಳೋಣವೆಂದರೆ ಮಾಲೀಕರು ಈಗಿಲ್ಲ.

ಇವತ್ತು ನನ್ನ ಬಳಿ ಇರುವುದು ಒಂದು ಮೇಜು, ಒಂದು ಗುರುತಿನ ಚೀಟಿ, ಏಜೆಂಟ್‌ಗಾಗಿ ನಾನೇ ಬರೆದ ಅರವತ್ತೆರಡು ವಿವರಣೆ.