‘ಬಾರದು’ ಎಂದು ಬರೆದವರ ಕಣ್ತಪ್ಪು

ಬೆಳಗಿನ ಆರು ಗಂಟೆ. ಮುದ್ರಣಾಲಯದ ಕಬ್ಬಿಣದ ಬಾಗಿಲು ಅರ್ಧ ಮಾತ್ರ ಮೇಲೇರಿದೆ. ಬಗ್ಗಿ ಒಳಗೆ ಹೋದರೆ ಮಸಿ ಮತ್ತು ಅಂಟಿನ ವಾಸನೆ. ಉದ್ದನೆಯ ಮರದ ಮೇಜಿನ ಒಂದು ತುದಿಯಲ್ಲಿ ಒಬ್ಬಾಕೆ ಅಚ್ಚಾದ ಹಾಳೆಗಳನ್ನು ಮಡಿಸುತ್ತಿದ್ದಾರೆ. ಇನ್ನೊಂದು ತುದಿಯಲ್ಲಿ ಹಸಿರು ಪೆನ್ನು ಹಿಡಿದ ಇನ್ನೊಬ್ಬಾಕೆ ಗಟ್ಟಿಯಾಗಿ ಓದುತ್ತಿದ್ದಾರೆ.

“ಜೀವಕೋಶದ ಹೊರಪದರಕ್ಕೆ ಅರೆಪಾರಗಮ್ಯತೆಯ ಗುಣವಿರುತ್ತದೆ...”

“ಅಂದ್ರೆ?” ಮಡಿಸುವ ಕೈ ನಿಲ್ಲುವುದಿಲ್ಲ.

“ಕೆಲವನ್ನ ಒಳಗೆ ಬಿಡುತ್ತೆ, ಕೆಲವನ್ನ ಆಚೆನೇ ನಿಲ್ಲಿಸುತ್ತೆ.”

“ಜರಡಿ ಅನ್ನು ಮತ್ತೆ. ಅದಕ್ಯಾಕೆ ಅಷ್ಟುದ್ದದ ಮಾತು?”

ಹಸಿರು ಪೆನ್ನು ಅಂಚಿನಲ್ಲಿ ‘ಜರಡಿ’ ಎಂದು ಬರೆಯುತ್ತದೆ. ಓದು ಮುಂದುವರಿಯುತ್ತದೆ. ಒಂದು ಪುಟದಲ್ಲಿ ಏಳು ಸಲ ‘ಅಂದ್ರೆ?’ ಬೀಳುವುದನ್ನು ಇವರ ಬಗ್ಗೆ ಬರೆಯಲು ಬಂದ ನಾನೇ ಎಣಿಸಿದ್ದೇನೆ. ಏಳು ಸಲವೂ ಅದನ್ನು ಬರೆದ ವಿದ್ವಾಂಸರು ಬಹುಶಃ ತಮ್ಮ ಹಾಸಿಗೆಯಲ್ಲಿ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದರು.

ಓದುವವರು ಈ ಜನಪ್ರಿಯ ವಿಜ್ಞಾನ ಮಾಸಪತ್ರಿಕೆಯ ಕರಡು ತಿದ್ದುವವರು. ಹತ್ತೊಂಬತ್ತು ವರ್ಷದಿಂದ ಇದೇ ಮೇಜು. ಮಡಿಸುವವರು ಬೈಂಡಿಂಗ್ ದೊಡ್ಡಮ್ಮ, ಮೂರನೇ ಕ್ಲಾಸಿನ ತನಕ ಓದಿದವರು. ದೊಡ್ಡಮ್ಮನ ಬಾಯಲ್ಲಿ ಬರುವ ‘ಅಂದ್ರೆ?’ ಕರಡು ತಿದ್ದುವವರ ಹೆಸರಿಗೇ ಅಂಟಿಕೊಂಡು, ಮೇಲಿನ ಮಹಡಿಯ ಸಂಪಾದಕೀಯ ಕಚೇರಿಯವರೆಲ್ಲ ಇವರನ್ನು ‘ಅಂದ್ರೆ ಅಕ್ಕ’ ಎಂದೇ ಕರೆಯುತ್ತಾರೆ. ಮೊದಲು ಗೇಲಿಗೆ ಇಟ್ಟ ಹೆಸರು. ಈಗ ಹಾಜರಿ ಪುಸ್ತಕದಲ್ಲಿರುವ ಹೆಸರು ಯಾರಿಗೂ ನೆನಪಿಲ್ಲ.

ಇಷ್ಟು ಬೆಳಗ್ಗೆ ಏಕೆ ಎಂದರೆ, ಎಂಟು ಗಂಟೆಗೆ ಯಂತ್ರ ಶುರುವಾದ ಮೇಲೆ ಇಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಮೇಲೆ ಕೂತು ಓದಬಹುದಲ್ಲ ಎಂದರೆ, ಮೇಲೆ ಅಕ್ಕನಿಗೆ ಕುರ್ಚಿಯಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ನೀರಿನ ಯಂತ್ರಕ್ಕೆ ಜಾಗ ಸಿಕ್ಕಿದೆ, ಮೀನಿನ ತೊಟ್ಟಿಗೆ ಸಿಕ್ಕಿದೆ. ಇವರಿಗೆ ಮಾತ್ರ “ನೋಡೋಣ”.

ಅಕ್ಕನ ಓದು ಹತ್ತನೇ ಕ್ಲಾಸು, ಜೊತೆಗೆ ಟೈಪಿಂಗ್ ಸೀನಿಯರ್. ಮೊದಲ ಕೆಲಸ ಇನ್ನೊಂದು ಮುದ್ರಣಾಲಯದಲ್ಲಿ, ಶಾಲೆಗಳ ಲಾಗರಿದಮ್ ಟೇಬಲ್ ತಿದ್ದುವುದು. ಎರಡು ವರ್ಷ ಬರೀ ಅಂಕಿ. “ಕಥೆ ಪುಸ್ತಕದಲ್ಲಿ ಒಂದಕ್ಷರ ತಪ್ಪಿದ್ರೆ ಓದೋರು ಸರಿ ಮಾಡ್ಕೋತಾರೆ. ಅಂಕಿ ತಪ್ಪಿದ್ರೆ ಪಾಪ, ಮಗು ಲೆಕ್ಕ ತಪ್ಪು ಮಾಡಿ ಮನೇಲಿ ಬೈಸ್ಕೊಳ್ಳುತ್ತೆ. ಅದನ್ನ ನೆನೆಸ್ಕೊಂಡೇ ಓದ್ತಿದ್ದೆ” ಎನ್ನುತ್ತಾರೆ.

ತಿಂಗಳಿಗೆ ಹದಿನಾಲ್ಕು ಲೇಖನ, ಒಂದೊಂದೂ ಮೂರು ಸಲ. ಒಂದು ಓದು ಅಕ್ಷರಕ್ಕೆ, ಒಂದು ಅಂಕಿಗೆ, ಒಂದು ದೊಡ್ಡಮ್ಮನಿಗೆ. ಇಲ್ಲಿಯವರೆಗೆ ಇನ್ನೂರ ಇಪ್ಪತ್ತೆಂಟು ಸಂಚಿಕೆ. ಕನ್ನಡಕದ ನಂಬರು ಐದು ಸಲ ಬದಲಾಗಿದೆ. ಬೆನ್ನಿಗೆ ಆಸರೆಯಿಲ್ಲದ ಸ್ಟೂಲು ಮಾತ್ರ ಅದೇ.

ಓದುಗರ ಪತ್ರಗಳ ಕಡತವನ್ನು ನಾನು ತಿರುವಿ ಹಾಕಿದ್ದೇನೆ. ‘ಲಸಿಕೆ ಎಂದರೆ ಕಳ್ಳ ಬರುವ ಮೊದಲೇ ಅವನ ಫೋಟೋವನ್ನು ಕಾವಲುಗಾರನಿಗೆ ತೋರಿಸಿಡುವುದು’ ಎಂಬ ಸಾಲಿಗೆ ಒಂದೇ ತಿಂಗಳಲ್ಲಿ ಅರವತ್ತು ಮೆಚ್ಚುಗೆ ಬಂದಿವೆ, ಅಷ್ಟೂ ಲೇಖಕರ ವಿಳಾಸಕ್ಕೆ. ಆ ಲೇಖಕರು ಪತ್ರಿಕೆಗೆ ಕಾಯಂ ಬರೆಯುವ ನಿವೃತ್ತ ಪ್ರಾಧ್ಯಾಪಕರು, ಎಲ್ಲರ ಬಾಯಲ್ಲಿ ‘ಪ್ರೊಫೆಸರ್ ಸಾಹೇಬರು’. ಅವರ ಹಸ್ತಪ್ರತಿ ನೋಡಿದೆ. ಅಲ್ಲಿ ಕಳ್ಳನೂ ಇಲ್ಲ, ಕಾವಲುಗಾರನೂ ಇಲ್ಲ. ಇರುವುದು ‘ಪ್ರತಿಜನಕ ಪರಿಚಯ ಪ್ರಕ್ರಿಯೆ’. ಕಳ್ಳನನ್ನು ಹಿಡಿದು ತಂದವರು ದೊಡ್ಡಮ್ಮ, ಕೂರಿಸಿದವರು ಅಕ್ಕ. ಸನ್ಮಾನ ಸಮಾರಂಭದಲ್ಲಿ ಸಾಹೇಬರು ಎದೆಯುಬ್ಬಿಸಿ ಹೇಳಿದ್ದು, “ಜನಸಾಮಾನ್ಯರ ನಾಡಿಮಿಡಿತ ನನಗೆ ಗೊತ್ತು.” ಆ ನಾಡಿ ಹಿಡಿದವರಿಬ್ಬರೂ ಆ ದಿನ ಕೆಳಗೆ ಮುಂದಿನ ಸಂಚಿಕೆಯ ಹಾಳೆಗಳನ್ನು ಮಡಿಸುತ್ತಿದ್ದರು.

ಇದಕ್ಕೆಲ್ಲ ಅಕ್ಕನಿಗೆ ಸಿಟ್ಟಿಲ್ಲ. “ಅವರು ಕಲಿತವರು, ವಿಷಯ ಅವರದ್ದೇ ಅಲ್ವಾ” ಎಂದು ನನ್ನನ್ನೇ ಸಮಾಧಾನ ಮಾಡುತ್ತಾರೆ. ಸರಿ, ಒಪ್ಪಿಕೊಂಡೆ. ಆದರೆ ಕಳೆದ ವರ್ಷದ ಗ್ರಹಣದ ಸಂಚಿಕೆಯ ಕಥೆ ಕೇಳಿದ ಮೇಲೆ ನನಗೆ ಸಮಾಧಾನ ಉಳಿದಿಲ್ಲ.

ಸೂರ್ಯಗ್ರಹಣದ ಬಗ್ಗೆ ಸಾಹೇಬರು ಬರೆದಿದ್ದ ವಾಕ್ಯ ಹೀಗಿತ್ತು: ‘ಎಕ್ಸ್‌ರೇ ಹಾಳೆಯ ಮೂಲಕ ಸೂರ್ಯನನ್ನು ನೋಡಬಹುದು ಎಂಬ ತಿಳಿವಳಿಕೆಯು ಸಮರ್ಥನೀಯವೆಂದು ಹೇಳಲಾಗದು.’ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಅಂದ್ರೆ, ನೋಡಬಹುದೋ ಬಾರದೋ?” ಅಕ್ಕ ಇಡೀ ಬಾಲವನ್ನು ಕತ್ತರಿಸಿ ‘ನೋಡಬಾರದು’ ಎಂದು ತಿದ್ದಿದರು. ಆ ಕರಡು ಇವತ್ತಿಗೂ ಅವರ ಡ್ರಾಯರಿನಲ್ಲಿದೆ. ಹಸಿರು ಮಸಿಯಲ್ಲಿ, ದಪ್ಪಕ್ಷರದಲ್ಲಿ, ಅಡಿಗೆರೆ ಎಳೆದ ‘ಬಾರದು’.

ತಮ್ಮ ವಾಕ್ಯಕ್ಕೆ ಕತ್ತರಿ ಬಿದ್ದದ್ದು ಸಾಹೇಬರಿಗೆ ಹಿಡಿಸಲಿಲ್ಲ. ಅಚ್ಚಿಗೆ ಹೋಗುವ ದಿನ ತಾವೇ ‘ಸರಳಗೊಳಿಸಿದ’ ಹೊಸ ಫೈಲನ್ನು ನೇರವಾಗಿ ಸಂಪಾದಕರಿಗೆ ಕಳಿಸಿದರು. ಸಂಪಾದಕರು ನೇರವಾಗಿ ಯಂತ್ರಕ್ಕೆ ಕಳಿಸಿದರು. ಕೆಳಗಿನ ಮೇಜಿಗೆ ಅದು ಬರಲೇ ಇಲ್ಲ. ಸಾಹೇಬರು ಬಾಲವನ್ನೇನೋ ಕತ್ತರಿಸಿದ್ದರು, ‘ನೋಡಬಹುದು’ ಮಾತ್ರ ಹಾಗೇ ಉಳಿದಿತ್ತು. ಅಚ್ಚಾದದ್ದು: ‘ಎಕ್ಸ್‌ರೇ ಹಾಳೆಯ ಮೂಲಕ ಸೂರ್ಯನನ್ನು ನೋಡಬಹುದು.’

ತಪ್ಪು ಸಿಕ್ಕಿದ್ದು ಅಕ್ಕನ ಮನೆಯಲ್ಲಿ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಅವರ ಯಜಮಾನರು ಲೇತ್ ಯಂತ್ರದ ಕೆಲಸಗಾರರು. ಮೂವತ್ತು ವರ್ಷದ ಸದ್ದಿಗೆ ಕಿವಿ ಮಂದವಾಗಿದೆ. (“ಮನೇಲಿ ಕೂಗಿ ಕೂಗಿಯೇ ನಂಗೆ ಗಟ್ಟಿಯಾಗಿ ಓದೋ ಅಭ್ಯಾಸ ಆಗಿದ್ದು” ಎಂದು ಅಕ್ಕ ನಗುತ್ತಾರೆ.) ಭಾನುವಾರ ಅವರು ಪತ್ರಿಕೆಯನ್ನು ಮೊದಲಿಂದ ಕೊನೆವರೆಗೆ ಓದುವುದು ರೂಢಿ. ಆ ಭಾನುವಾರ ಅಲಮಾರಿಯ ಮೇಲಿಂದ ತಮ್ಮ ಮೊಣಕಾಲಿನ ಎಕ್ಸ್‌ರೇಯನ್ನು ಇಳಿಸಿ ಧೂಳು ಒರೆಸುತ್ತ ಕೂತಿದ್ದರು.

“ಯಾಕ್ರೀ ಅದು ಈಗ?” ಎಂದು ಅಕ್ಕ ಕೇಳಿದರು.

“ಗ್ರಹಣ ನೋಡೋಕೆ ಕಣೇ. ನಿಮ್ಮ ಪತ್ರಿಕೇಲೇ ಹಾಕಿದಾರಲ್ಲ.”

“ಕಿತ್ಕೊಂಡು ಇಪ್ಪತ್ತೇಳನೇ ಪುಟ ತೆಗೆದು ನೋಡ್ದೆ” ಎನ್ನುತ್ತಾರೆ ಅಕ್ಕ. “ನಮ್ಮನೆಯವರೇ ನಂಬಿದ್ರು. ಶಾಲೆಗಳಲ್ಲಿ ಏನು ಗತಿ ಅಂತ.” ಪತ್ರಿಕೆ ನಾನೂರ ಹನ್ನೆರಡು ಶಾಲೆಗಳಿಗೆ ಹೋಗುತ್ತದೆ. ಗ್ರಹಣಕ್ಕೆ ನಾಲ್ಕೇ ದಿನ.

ಸಂಪಾದಕರಿಗೆ ಫೋನು ಮಾಡಿದರೆ ಅವರು ಯಾವುದೋ ಸಮ್ಮೇಳನದಲ್ಲಿದ್ದರು. “ಗಾಬರಿಯಾಗಬೇಡಿ, ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕೋಣ” ಎಂದರಂತೆ. ಮುಂದಿನ ಸಂಚಿಕೆ ಬರುವುದು ಗ್ರಹಣ ಮುಗಿದು ಮೂರು ವಾರಕ್ಕೆ. ಸುಟ್ಟ ಕಣ್ಣಿಗೆ ತಿದ್ದುಪಡಿ ಓದಿ ಹೇಳುವವರು ಯಾರು ಸ್ವಾಮಿ?

ಸೋಮವಾರ ಬೆಳಗ್ಗೆಯೇ ಅಕ್ಕ ಕಚೇರಿಯ ಚಂದಾದಾರರ ದಪ್ಪ ಪುಸ್ತಕ ಇಳಿಸಿಕೊಂಡು, ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಶಾಲೆಗೆ ಫೋನು ಮಾಡಿದರು. ಮೂರು ದಿನ, ಒಂದರ ಚಾರ್ಜು ಮುಗಿದರೆ ಇನ್ನೊಂದು ಎಂದು ಎರಡು ಫೋನು. ಒಬ್ಬರು ನಂಬರು ಓದುವುದು, ಒಬ್ಬರು ಮಾತಾಡುವುದು. ಪ್ರತಿ ಸಲ ಒಂದೇ ಮಾತು: “ನಮಸ್ಕಾರ, ವಿಜ್ಞಾನ ಪತ್ರಿಕೆಯ ಕರಡು ತಿದ್ದುವವಳು ಮಾತಾಡ್ತಿದೀನಿ. ಇಪ್ಪತ್ತೇಳನೇ ಪುಟ ತೆಗೀರಿ. ‘ಬಹುದು’ ಅಂತಿರೋದನ್ನ ‘ಬಾರದು’ ಮಾಡ್ಕೊಳ್ಳಿ. ಮಕ್ಕಳಿಗೆ ಈಗಲೇ ಹೇಳಿ.” ಮುನ್ನೂರ ಎಪ್ಪತ್ತೊಂದು ಶಾಲೆಗಳು ಸಿಕ್ಕವು. ಅಕ್ಕನ ಗಂಟಲು ಕಟ್ಟಿಹೋಗಿ, ಕೊನೆಯ ಅರವತ್ತಕ್ಕೆ ಅಕ್ಕನ ಪರವಾಗಿ ದೊಡ್ಡಮ್ಮನೇ ಮಾತಾಡಿದರು. ಸಿಗದ ನಲವತ್ತೊಂದಕ್ಕೆ ಆಮೇಲೆ ಕಾಗದ ಬರೆದು, ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳಿದರು. ಮೂವತ್ತೆಂಟು ಶಾಲೆಗಳು ‘ಚೆನ್ನಾಗಿದ್ದೇವೆ’ ಎಂದು ಬರೆದಿವೆ. ಮೂರರಿಂದ ಇನ್ನೂ ಉತ್ತರ ಬಂದಿಲ್ಲ. ಅಕ್ಕ ಆ ಮೂರು ಶಾಲೆಗಳ ವಿಳಾಸವನ್ನು ನೋಡದೆ ಬಾಯಲ್ಲೇ ಹೇಳುತ್ತಾರೆ.

ಇನ್ನು ಪತ್ರಿಕೆ ಮಾಡಿದ್ದನ್ನು ಕೇಳಿ. ಮುಂದಿನ ಸಂಚಿಕೆಯ ಮೂರನೇ ಪುಟದಲ್ಲಿ ಚೌಕಟ್ಟು ಹಾಕಿ ಅಚ್ಚು ಮಾಡಿದರು: ‘ಕಳೆದ ಸಂಚಿಕೆಯಲ್ಲಿ ಕರಡು ತಿದ್ದುವವರ ಕಣ್ತಪ್ಪಿನಿಂದ ‘ನೋಡಬಾರದು’ ಎಂಬುದು ‘ನೋಡಬಹುದು’ ಎಂದಾಗಿದೆ. ವಿಷಾದಿಸುತ್ತೇವೆ.’ ಹತ್ತೊಂಬತ್ತು ವರ್ಷದಲ್ಲಿ ಕರಡು ತಿದ್ದುವವರು ಎಂಬ ಜೀವವೊಂದು ಅಲ್ಲಿದೆ ಎಂದು ಪತ್ರಿಕೆ ಒಪ್ಪಿಕೊಂಡದ್ದು ಅದೊಂದೇ ಸಲ.

ಆ ಚೌಕಟ್ಟಿನ ಕರಡು ತಿದ್ದಲು ಬಂದದ್ದೂ ಅಕ್ಕನ ಮೇಜಿಗೇ.

“ಓದಿದ್ರಾ?” ಎಂದೆ.

“ಓದ್ದೆ. ‘ವಿಷಾಧ’ ಅಂತ ಮಹಾಪ್ರಾಣ ಹಾಕಿದ್ರು. ತಿದ್ದಿದೆ.”

“ಮಿಕ್ಕಿದ್ದು?”

“ಮಿಕ್ಕಿದ್ದು ಅಕ್ಷರ ಸರಿಯಿತ್ತಲ್ಲ. ಮೇಲೆ ಹೋಗಿ, ಇದು ನಾನು ಮಾಡಿದ್ದಲ್ಲ ಸಾರ್ ಅಂದೆ. ಆಯ್ತಮ್ಮ, ಈಗ ಯಾಕೆ ಅದೆಲ್ಲ ಅಂದ್ರು.”

ಕೇಳಿಯೇಬಿಡುತ್ತೇನೆ ಎಂದು ಯಜಮಾನರು ಕೆಲಸದ ಬಟ್ಟೆಯಲ್ಲೇ ಪತ್ರಿಕೆಯ ಕಚೇರಿಗೆ ಹೊರಟಿದ್ದರಂತೆ. ಅಕ್ಕ ಚಪ್ಪಲಿ ಬಚ್ಚಿಟ್ಟು ತಡೆದರು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದುವ ಮಗಳು ಹಸಿರು ‘ಬಾರದು’ವಿನ ಫೋಟೋ ತೆಗೆದು ಊರಿಗೆಲ್ಲ ಕಳಿಸುತ್ತೇನೆ ಎಂದಳು, ಅವಳ ಕೈಯಿಂದ ಫೋನು ಕಸಿದುಕೊಂಡರು. “ಪತ್ರಿಕೆಯ ಮರ್ಯಾದೆ ಹೋಗುತ್ತಲ್ಲ” ಎಂಬುದು ಅವರ ವಿವರಣೆ. ಕೇಳಿ ನನಗೆ ಮೈ ಉರಿಯಿತು. ಪತ್ರಿಕೆಗೆ ಇವರ ಮರ್ಯಾದೆಯ ಚಿಂತೆ ಒಂದಿಷ್ಟಾದರೂ ಇತ್ತೇ?

ಸಂಪಾದಕರನ್ನು ಕಂಡು ಇದನ್ನೇ ಕೇಳಿದೆ. ಸೌಮ್ಯ ಮನುಷ್ಯ, ಕಾಫಿ ಕೊಟ್ಟರು. “ಲೇಖಕರು ದೊಡ್ಡವರು, ಅವರ ಹೆಸರು ಹಾಕೋಕಾಗುತ್ತಾ ಹೇಳಿ? ಕರಡು ತಿದ್ದುವವರು ಅಂದ್ರೆ ಯಾರು ಅಂತ ಓದುಗರಿಗೇನು ಗೊತ್ತು? ಯಾರಿಗೂ ನೋವಾಗಲ್ಲ ಅಂತಲೇ ಹಾಗೆ ಹಾಕಿದ್ದು” ಎಂದರು.

ಯಾರಿಗೆ ಗೊತ್ತು ಎಂದು ನಾನು ಹೇಳುತ್ತೇನೆ. ಮುನ್ನೂರ ಎಪ್ಪತ್ತೊಂದು ಶಾಲೆಗಳ ಮೇಷ್ಟ್ರುಗಳಿಗೆ ಗೊತ್ತು. ‘ಕರಡು ತಿದ್ದುವವಳು ಮಾತಾಡ್ತಿದೀನಿ’ ಎಂದು ಅವರಿಗೆಲ್ಲ ಪರಿಚಯ ಹೇಳಿಕೊಂಡದ್ದು ಇದೇ ಹೆಂಗಸು. ಆ ದಿನ ಫೋನಿನಲ್ಲಿ ಥ್ಯಾಂಕ್ಸ್ ಹೇಳಿದವರೆಲ್ಲ ಮುಂದಿನ ತಿಂಗಳು ಮೂರನೇ ಪುಟ ಓದಿದ್ದಾರೆ. ತಾನೇ ತಪ್ಪು ಮಾಡಿ ತಾನೇ ಹೆದರಿ ಫೋನು ಮಾಡಿದಳು ಎಂದುಕೊಂಡಿದ್ದಾರೆ. ಒಬ್ಬರು ಅಕ್ಕನಿಗೇ ಕಾಗದ ಬರೆದಿದ್ದಾರೆ: ‘ಇನ್ನು ಮುಂದೆ ಎಚ್ಚರಿಕೆಯಿಂದ ಓದಿರಿ, ಮಕ್ಕಳ ಕಣ್ಣಿನ ಪ್ರಶ್ನೆ.’

ಈಗ ಆ ವರ್ಷದ ಹನ್ನೆರಡು ಸಂಚಿಕೆಗಳನ್ನು ಒಟ್ಟು ಸೇರಿಸಿ ಹೊಲಿದು, ಗ್ರಂಥಾಲಯಗಳಿಗೆ ಸಂಪುಟ ಮಾಡುವ ಕೆಲಸ ಕೆಳಗೆ ನಡೆದಿದೆ. ನೂರಿಪ್ಪತ್ತು ಪ್ರತಿ. ಒಮ್ಮೆ ರಟ್ಟು ಬಿಗಿದರೆ ಆ ಚೌಕಟ್ಟು ಅಲ್ಲಿ ಕಾಯಂ. ಗ್ರಹಣದ ಪುಟವನ್ನು ಸಾಹೇಬರ ಮರ್ಯಾದೆಗೆ ಧಕ್ಕೆ ಬರದಂತೆ ಆಗಲೇ ಹೊಸದಾಗಿ ಅಚ್ಚು ಹಾಕಿಯಾಗಿದೆ. ಮೂರನೇ ಪುಟದ ಒಂದು ಹಾಳೆಯನ್ನೂ ಹಾಗೇ ಬದಲಿಸಿ ಎಂದು ಅಕ್ಕ ಅರ್ಜಿ ಕೊಟ್ಟು ಎರಡು ವಾರವಾಗಿದೆ. ಯಂತ್ರಕ್ಕೆ ಅದು ಅರ್ಧ ಗಂಟೆಯ ಕೆಲಸ. ಉತ್ತರ ಅದೇ, “ನೋಡೋಣ.”

ದೊಡ್ಡಮ್ಮ ಮಾತ್ರ ನೋಡುತ್ತ ಕೂತಿಲ್ಲ. ಹನ್ನೊಂದು ಸಂಚಿಕೆಗಳನ್ನು ಹೊಲಿದು, ಆ ಚೌಕಟ್ಟಿರುವ ಹನ್ನೆರಡನೆಯದನ್ನು ಮೇಜಿನ ಪಕ್ಕಕ್ಕೆ ಸರಿಸಿಟ್ಟಿದ್ದಾರೆ. ಸಂಪಾದಕರೇ ಇಳಿದು ಬಂದು ಕೇಳಿದಾಗಲೂ ದಬ್ಬಣ ಎತ್ತಲಿಲ್ಲವಂತೆ. “ನಾನು ಈ ಸುಳ್ಳನ್ನ ಹೊಲಿಯಲ್ಲ ಸಾಮಿ. ಬೇರೆ ಯಾರ ಕೈಲಾದ್ರೂ ಹೊಲಿಸ್ಕೊಳ್ಳಿ” ಎಂದುಬಿಟ್ಟರಂತೆ.

ಎಂಟು ಗಂಟೆಗೆ ಎರಡು ನಿಮಿಷವಿದೆ. ಅಕ್ಕ ಪೆನ್ನಿಗೆ ಟೋಪಿ ಹಾಕುತ್ತಾರೆ. ಇಷ್ಟೆಲ್ಲ ಆದ ಮೇಲೆ ಸಂಪುಟದಲ್ಲಿ ನಿಮ್ಮ ಹೆಸರನ್ನಾದರೂ ಹಾಕಿಸಬೇಕು, ನಾನೇ ಬರೆದು ಒತ್ತಾಯಿಸುತ್ತೇನೆ ಎಂದು ನಾನು ಬಿಸಿಯಾಗಿ ಹೇಳುತ್ತೇನೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ.

“ಬೇಡ. ಹಾಕಿ ಅಂತ ಒಂದು ದಿನಾನೂ ಕೇಳಿದವಳಲ್ಲ, ಈಗಲೂ ಕೇಳಲ್ಲ. ಹಾಕಿರೋದನ್ನ ತೆಗೀಲಿ, ಸಾಕು.”